ಹ್ಯಾಡ್‌ಫೀಲ್ಡ್, ಸರ್ ರಾಬರ್ಟ್ ಆ್ಯಬಟ್

ಹ್ಯಾಡ್‌ಫೀಲ್ಡ್, ಸರ್ ರಾಬರ್ಟ್ ಆ್ಯಬಟ್ (1858–1940): ಇಂಗ್ಲೆಂಡಿನ ಲೋಹವಿಜ್ಞಾನಿ, ಉಪಜ್ಞೆಕಾರ, ಉಕ್ಕಿನ ಉದ್ಯಮಿ. 1882ರಲ್ಲಿ ಮ್ಯಾಂಗನೀಸ್ ಉಕ್ಕನ್ನು ಕಂಡುಹಿಡಿದವ; ವಿದ್ಯುತ್ ಪರಿವರ್ತಕಗಳಿಗೆ ಬೇಕಾದ ಸಿಲಿಕಾನ್ ಉಕ್ಕಿಗೆ ಬುನಾದಿ ಹಾಕಿದವ. ಮೊದಲನೆಯದು ಈತನಿಗೆ ಹೆಸರು ತಂದಿತು. ಎರಡನೆಯದು ಮನೆಮನೆಯ ಬದುಕನ್ನೇ ಬದಲಿಸಿತಾದರೂ ಅದರ ಜೊತೆಗೆ ಈತನನ್ನು ನೆನೆಯುವವರು ಕಡಿಮೆ. ಉಕ್ಕಿಗೆ ಬೇರೆ ಲೋಹ ಬೆರೆಸುವ ಪ್ರಯತ್ನ ಈತನಿಗಿಂತ ಎಷ್ಟೋ ಮೊದಲೇ ನಡೆದಿತ್ತು. ಬೆರೆಸುವ ಪ್ರಮಾಣವನ್ನು ಹೆಜ್ಜೆಹೆಜ್ಜೆಯಾಗಿ ಏರಿಸುತ್ತ, ಪ್ರತಿ ಹೆಜ್ಜೆಯ ಲೋಹವನ್ನೂ ಎಳೆದು, ಬಾಗಿಸಿ, ಬಡಿದು, ಕಾಯಿಸಿ, ತಣಿಸಿ, ಅಯಸ್ಕಾಂತಕ್ಕೆ ಒಡ್ಡಿ, ಕಂಡದ್ದನ್ನೆಲ್ಲ ಬರೆದಿಡುವ ಶಿಸ್ತನ್ನು ಕಾರ್ಖಾನೆಯ ಒಳಗೆ ತಂದದ್ದು ಹ್ಯಾಡ್‌ಫೀಲ್ಡ್‌ನ ದೊಡ್ಡ ಕೊಡುಗೆ. ಇಂದು ನಾವು ಬಳಸುವ ನೂರಾರು ಬಗೆಯ ಮಿಶ್ರಲೋಹ ಉಕ್ಕುಗಳು ಹುಟ್ಟಿದ್ದು ಈ ಶಿಸ್ತಿನಿಂದ.

ಹುಟ್ಟೂರು, ಮನೆತನ

ಹ್ಯಾಡ್‌ಫೀಲ್ಡ್ ಹುಟ್ಟಿದ್ದು 1858ರ ನವೆಂಬರ್ 28ರಂದು, ಶೆಫೀಲ್ಡ್ ನಗರಕ್ಕೆ ಸೇರಿಕೊಂಡಂತಿದ್ದ ಆಟರ್‌ಕ್ಲಿಫ್‌ನಲ್ಲಿ. ಶೆಫೀಲ್ಡಿಗೆ ಉಕ್ಕು ಕುಲಕಸುಬು. ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನವನ್ನು ರೂಢಿಗೆ ತಂದದ್ದು ಇಲ್ಲಿ. ಹೆನ್ರಿ ಬೆಸೆಮರ್ ತನ್ನ ಹೊಸ ವಿಧಾನವನ್ನು ಬೇರೆಯವರು ನಂಬದಿದ್ದಾಗ ಸ್ವಂತ ಕಾರ್ಖಾನೆ ತೆರೆದದ್ದು ಇಲ್ಲಿ. ಹೆನ್ರಿ ಕ್ಲಿಫ್ಟನ್ ಸಾರ್ಬಿ 1860ರ ದಶಕದಲ್ಲಿ ಉಕ್ಕಿನ ತುಂಡನ್ನು ನುಣುಪಾಗಿ ಉಜ್ಜಿ, ಆಮ್ಲ ತಾಗಿಸಿ, ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ಅದರ ಒಳರಚನೆಯನ್ನು ಮೊದಲಿಗೆ ಕಂಡದ್ದೂ ಇದೇ ಊರಿನಲ್ಲಿ. ತಂದೆಯ ಹೆಸರೂ ರಾಬರ್ಟ್ ಹ್ಯಾಡ್‌ಫೀಲ್ಡ್. ಆತ 1872ರಲ್ಲಿ ಆಟರ್‌ಕ್ಲಿಫ್‌ನಲ್ಲಿ ಉಕ್ಕಿನ ಎರಕದ ಕಾರ್ಖಾನೆ ಆರಂಭಿಸಿದ. ಬೀಡುಕಬ್ಬಿಣವನ್ನು ಅಚ್ಚಿಗೆ ಹೊಯ್ಯುವುದು ಹಳೆಯ ವಿದ್ಯೆ. ಉಕ್ಕನ್ನೇ ನೇರವಾಗಿ ಅಚ್ಚಿಗೆ ಹೊಯ್ದು ಯಂತ್ರದ ಭಾಗ ಮಾಡುವುದು ಆ ಕಾಲಕ್ಕೆ ಹೊಸದು. ಎರಕದೊಳಗೆ ಗಾಳಿಗುಳ್ಳೆ ಉಳಿಯುವುದು, ತಣಿಯುವಾಗ ಬಿರುಕು ಬಿಡುವುದು, ಇವೆಲ್ಲ ದಿನನಿತ್ಯದ ತೊಡಕುಗಳು. ಮಗನ ಲೋಹಾಸಕ್ತಿ ಬೆಳೆದದ್ದು ಈ ತೊಡಕುಗಳ ನಡುವೆ.

ಶೆಫೀಲ್ಡಿನ ಕಲೀಜಿಯೆಟ್ ಶಾಲೆಯಲ್ಲಿ ಓದು ಮುಗಿಸಿದ ಮೇಲೆ ಹ್ಯಾಡ್‌ಫೀಲ್ಡ್ ವಿಶ್ವವಿದ್ಯಾಲಯದ ದಾರಿ ಹಿಡಿಯಲಿಲ್ಲ. ಊರಿನ ಇನ್ನೊಂದು ಉಕ್ಕಿನ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಕೆಲಸ ಕಲಿತು ತಂದೆಯ ಕಾರ್ಖಾನೆ ಸೇರಿದ. ಅಲ್ಲಿ ಒಂದು ಚಿಕ್ಕ ಪ್ರಯೋಗಾಲಯ ಕಟ್ಟಿಕೊಂಡ. ಆಗಿನ ಶೆಫೀಲ್ಡಿನಲ್ಲಿ ಉಕ್ಕಿನ ಗುಣವನ್ನು ತೀರ್ಮಾನಿಸುತ್ತಿದ್ದದ್ದು ಅನುಭವಸ್ಥರ ಕಣ್ಣು. ಮುರಿದ ತುಂಡಿನ ಕಣವಿನ್ಯಾಸ ನೋಡಿ ಅದರಲ್ಲಿ ಇಂಗಾಲ ಎಷ್ಟಿದೆಯೆಂದು ಹೇಳಬಲ್ಲ ಕೆಲಸಗಾರರಿದ್ದರು, ಮತ್ತು ಅವರ ಅಂದಾಜು ಬಹಳ ಸಲ ಸರಿಯಾಗಿಯೇ ಇರುತ್ತಿತ್ತು. ಆದರೆ ಯಾರೂ ಕಂಡಿರದ ಲೋಹ ಎದುರಿಗೆ ಬಂದರೆ ಆ ಅನುಭವಕ್ಕೆ ಹಿಡಿಯಲು ಆಸರೆಯೇ ಇರಲಿಲ್ಲ.

ಮ್ಯಾಂಗನೀಸ್ ಉಕ್ಕು

ಉಕ್ಕಿನ ಉದ್ಯಮಕ್ಕೆ ಮ್ಯಾಂಗನೀಸ್ ಆಗಲೇ ಪರಿಚಿತ. ಬೆಸೆಮರ್ ವಿಧಾನದಲ್ಲಿ ಕರಗಿದ ಕಬ್ಬಿಣದೊಳಕ್ಕೆ ಗಾಳಿ ಊದಿದಾಗ ಉಳಿದುಬಿಡುವ ಆಮ್ಲಜನಕವನ್ನು ತೆಗೆಯಲು, ಗಂಧಕದ ಕೇಡನ್ನು ತಡೆಯಲು ಅಷ್ಟಿಷ್ಟು ಮ್ಯಾಂಗನೀಸ್ ಸೇರಿಸಬೇಕೆಂಬುದನ್ನು ರಾಬರ್ಟ್ ಮಷೆಟ್ 1850ರ ದಶಕದಲ್ಲೇ ತೋರಿಸಿಕೊಟ್ಟಿದ್ದ. ನೂರಕ್ಕೆ ಒಂದು ಪಾಲಿನವರೆಗೆ ಅದು ಒಳ್ಳೆಯದು. ಎರಡೂವರೆ, ಮೂರು ದಾಟಿತೆಂದರೆ ಉಕ್ಕು ಪೆಡಸಾಗುತ್ತದೆ. ಇನ್ನೂ ಹೆಚ್ಚಿಸಿದರೆ ಕೈಸುತ್ತಿಗೆಯ ಏಟಿಗೆ ಪುಡಿಯಾಗುವಷ್ಟು ಹದಗೆಡುತ್ತದೆ. ಆದ್ದರಿಂದ ಅಲ್ಲಿಂದ ಮುಂದೆ ಹೋಗುವುದು ವ್ಯರ್ಥವೆಂದು ಎಲ್ಲರೂ ನಿಂತಿದ್ದರು.

ಮುಂದೆ ಹೋಗಲು ಬೇಕಾದ ಸಾಮಗ್ರಿ ಫ್ರಾನ್ಸಿನಿಂದ ಬಂತು. ಟೆರ್‌ನ್ವಾರ್ ಕಂಪನಿ ಮ್ಯಾಂಗನೀಸ್ ಅಂಶ ಬಹಳ ಹೆಚ್ಚಿರುವ ಫೆರೋಮ್ಯಾಂಗನೀಸನ್ನು ತಯಾರಿಸಿ 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಇಟ್ಟಿತ್ತು. ಆ ಪ್ರದರ್ಶನಕ್ಕೆ ಕಂಪನಿ ಹೊರತಂದಿದ್ದ ವಿವರಗಳು ಹ್ಯಾಡ್‌ಫೀಲ್ಡ್‌ನ ಆಸಕ್ತಿ ಕೆರಳಿಸಿದವು. ಟ್ರಾಮ್ ಗಾಡಿಯ ಚಕ್ರಕ್ಕೆ, ಸಾಣೆಚಕ್ರಕ್ಕೆ ಒದಗುವ ಗಡಸು ಉಕ್ಕು ಆತನಿಗೆ ಬೇಕಿತ್ತು. ಮ್ಯಾಂಗನೀಸನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಸಾಲಾಗಿ ಎರಕ ಹೊಯ್ಯತೊಡಗಿದ. ಪೆಡಸಿನ ಘಟ್ಟ ಬಂತು. ಆತ ನಿಲ್ಲಲಿಲ್ಲ. ಏಳೂವರೆ ಪಾಲು ದಾಟಿದ ಮೇಲೆ ಲೋಹದ ನಡತೆಯೇ ತಿರುಗಿತು. 12ರಿಂದ 14 ಪಾಲು ಮ್ಯಾಂಗನೀಸ್, ಒಂದು ಪಾಲಿಗಿಂತ ತುಸು ಹೆಚ್ಚು ಇಂಗಾಲ ಇರುವ ಉಕ್ಕು ಸುತ್ತಿಗೆಯ ಏಟಿಗೆ ಮುರಿಯದೆ ಬಾಗುತ್ತಿತ್ತು. 1882ರ ಸೆಪ್ಟೆಂಬರಿನಲ್ಲಿ ಇದು ಕೈಗೆ ಬಂದಾಗ ಹ್ಯಾಡ್‌ಫೀಲ್ಡ್‌ಗೆ 24 ತುಂಬಿರಲಿಲ್ಲ. ಮರುವರ್ಷ ಪೇಟೆಂಟ್ ದೊರಕಿಸಿಕೊಂಡ.

ಈ ಲೋಹದಲ್ಲಿ ಕಂಡ ಮೂರು ಗುಣಗಳು ಅಂದಿನ ತಿಳಿವಳಿಕೆಗೆ ನೇರ ವಿರುದ್ಧವಾಗಿದ್ದವು. ಸಾಮಾನ್ಯ ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಡಸೂ ಪೆಡಸೂ ಆಗುತ್ತದೆಂಬುದು ಹಳ್ಳಿಯ ಕಮ್ಮಾರನಿಗೂ ಗೊತ್ತು. ಮ್ಯಾಂಗನೀಸ್ ಉಕ್ಕನ್ನು ಸುಮಾರು 1,050 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನೀರಿಗೆ ಹಾಕಿದರೆ ಅದು ಮೆತ್ತಗಾಗಿ ಬಾಗುವ ಗುಣ ಪಡೆಯುತ್ತದೆ. ನಿಧಾನವಾಗಿ ತಣಿಯಲು ಬಿಟ್ಟರೇ ಪೆಡಸಾಗುತ್ತದೆ. ಎರಡನೆಯದಾಗಿ, ನೂರಕ್ಕೆ 85ರಷ್ಟು ಕಬ್ಬಿಣವೇ ಇದ್ದರೂ ಇದನ್ನು ಅಯಸ್ಕಾಂತ ಸೆಳೆಯುವುದಿಲ್ಲ. ಮೂರನೆಯ ಗುಣವೇ ಇದರ ಬದುಕಿಗೆ ಆಧಾರವಾದದ್ದು: ಏಟು ಬಿದ್ದಷ್ಟೂ ಇದರ ಮೇಲ್ಮೈ ಗಟ್ಟಿಯಾಗುತ್ತ ಹೋಗುತ್ತದೆ. ನೀರಿಗೆ ಅದ್ದಿ ತೆಗೆದಾಗ ಬ್ರಿನೆಲ್ ಅಳತೆಯಲ್ಲಿ 200ರ ಸುಮಾರಿನಲ್ಲಿರುವ ಗಡಸುತನ, ಬಡಿತ ತಿಂದ ಮೇಲ್ಪದರದಲ್ಲಿ 500ರ ಹತ್ತಿರ ಹೋಗುತ್ತದೆ. ಒಳಗಿನ ಲೋಹ ಮಾತ್ರ ಮೊದಲಿನ ಹಾಗೆಯೇ ಏಟು ತಾಳಿಕೊಳ್ಳುವಂತೆ ಇರುತ್ತದೆ. ಗುದ್ದಲಿ ಹಿಡಿದು ಹಿಡಿದು ಅಂಗೈ ಜಡ್ಡುಗಟ್ಟುವ ಹಾಗೆ, ಯಾವ ಕಡೆ ಕೆಲಸವಿದೆಯೋ ಆ ಕಡೆಯಷ್ಟೇ ಗಟ್ಟಿ. ಮೇಲ್ಪದರ ಸವೆದರೆ ಕೆಳಗಿನ ಪದರ ಏಟು ತಿಂದು ಅದರ ಜಾಗಕ್ಕೆ ಬರುತ್ತದೆ.

ಹೀಗೇಕೆ ಎಂಬುದು ಹ್ಯಾಡ್‌ಫೀಲ್ಡ್‌ಗೆ ಗೊತ್ತಿರಲಿಲ್ಲ. ಆ ಕಾಲದಲ್ಲಿ ಯಾರಿಗೂ ಗೊತ್ತಾಗುವಂತಿರಲಿಲ್ಲ. ಕಬ್ಬಿಣದ ಹರಳಿಗೆ ಎರಡು ರೂಪಗಳಿವೆ. ಸಾಮಾನ್ಯ ಉಷ್ಣತೆಯಲ್ಲಿ ಒಂದು, 910 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇನ್ನೊಂದು. ಮೇಲಿನ ಉಷ್ಣತೆಯ ರೂಪದಲ್ಲಿರುವ ಉಕ್ಕಿಗೆ ಆಸ್ಟೆನೈಟ್ ಎಂದು ಹೆಸರು. ಅದಕ್ಕೆ ಕಾಂತಗುಣವಿಲ್ಲ, ಬಾಗುವ ಶಕ್ತಿ ಹೆಚ್ಚು. ಸಾಮಾನ್ಯ ಉಕ್ಕು ತಣಿಯುವಾಗ ಈ ರೂಪ ಕಳೆದುಕೊಳ್ಳುತ್ತದೆ. ಸಾಕಷ್ಟು ಮ್ಯಾಂಗನೀಸ್ ಮತ್ತು ಇಂಗಾಲ ಸೇರಿದ್ದರೆ, ಬೇಗ ತಣಿಸಿದಾಗ ಅದು ಹಾಗೆಯೇ ಉಳಿಯುತ್ತದೆ. ನಿಧಾನವಾಗಿ ತಣಿಸಿದರೆ ಇಂಗಾಲವು ಕಾರ್ಬೈಡುಗಳಾಗಿ ಹೊರಬಂದು ಹರಳುಗಳ ಅಂಚಿನಲ್ಲಿ ಕೂಡಿಕೊಳ್ಳುತ್ತದೆ. ಪೆಡಸುತನಕ್ಕೆ ಅದೇ ಕಾರಣ. ಏಟಿಗೆ ಗಟ್ಟಿಯಾಗುವುದನ್ನು ವಿವರಿಸುವುದು ಇನ್ನೂ ಕಷ್ಟವಾಯಿತು. ಮೇಲ್ಪದರ ಬೇರೆ ಹರಳುರೂಪಕ್ಕೆ ತಿರುಗುತ್ತದೆಂದು ಬಹಳ ಕಾಲ ನಂಬಿದ್ದರು. ಎಕ್ಸ್-ಕಿರಣ ಮತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಧ್ಯಯನಗಳು ಬಂದ ಮೇಲೆ, ಹರಳಿನ ಒಳಗೆ ಹುಟ್ಟುವ ಅವಳಿ ಪದರಗಳು ಮತ್ತು ಹರಳುದೋಷಗಳಿಗೆ ಇಂಗಾಲದ ಪರಮಾಣುಗಳು ಒಡ್ಡುವ ತಡೆಯೇ ಇದಕ್ಕೆ ಮುಖ್ಯ ಕಾರಣವೆಂದು ತಿಳಿಯಿತು.

1888ರಲ್ಲಿ ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಹ್ಯಾಡ್‌ಫೀಲ್ಡ್ ಈ ಉಕ್ಕಿನ ಬಗ್ಗೆ ಪ್ರಬಂಧ ಓದಿದ. ಈ ಕೆಲಸದಲ್ಲಿ ಹೆಚ್ಚು ಬೆಲೆಯುಳ್ಳದ್ದು ಯಾವುದು ಎಂದು ಕೇಳಿದರೆ, ಆ ಒಂದು ಮಿಶ್ರಣಕ್ಕಿಂತ ಅದನ್ನು ಸುತ್ತುವರಿದ ಇಡೀ ಸರಣಿಯೇ ಎನ್ನಬೇಕು. ಕೆಲಸಕ್ಕೆ ಬಾರದ ಪೆಡಸು ಉಕ್ಕುಗಳ ವಿವರವನ್ನೂ ಆತ ಒಳ್ಳೆಯವುಗಳಷ್ಟೇ ಶ್ರದ್ಧೆಯಿಂದ ದಾಖಲಿಸಿದ್ದ.

ಬಳಕೆ

ಹೊಸ ಲೋಹ ಪೇಟೆಗೆ ಒಗ್ಗಲು ಹತ್ತಾರು ವರ್ಷ ಹಿಡಿಯಿತು. ದೊಡ್ಡ ಅಡ್ಡಿಯೆಂದರೆ ಅದರ ಒಳ್ಳೆಯ ಗುಣವೇ. ಕೊರೆಯಲು ಹೋದರೆ ಉಳಿಯ ಒತ್ತಡಕ್ಕೆ ಲೋಹ ಗಟ್ಟಿಯಾಗಿ ಉಳಿಯನ್ನೇ ತಿಂದುಹಾಕುತ್ತಿತ್ತು. ಅರ, ಗರಗಸ, ಬೈರಿಗೆ ಯಾವುದೂ ನಡೆಯುತ್ತಿರಲಿಲ್ಲ. ಬೇಕಾದ ಆಕಾರಕ್ಕೇ ಎರಕ ಹೊಯ್ದು, ಬೇಕಿದ್ದಲ್ಲಿ ಸಾಣೆ ಹಿಡಿದು ಸರಿಪಡಿಸಬೇಕಿತ್ತು. ಎರಕದ ಕಾರ್ಖಾನೆಯವನಾದ್ದರಿಂದ ಹ್ಯಾಡ್‌ಫೀಲ್ಡ್‌ಗೆ ಇದು ಸಾಧ್ಯವಾಯಿತು. ಗರಗಸಕ್ಕೆ ಜಗ್ಗದ ಈ ಗುಣವನ್ನು ತಿಜೋರಿಗಳಿಗೂ ಸೆರೆಮನೆಯ ಕಂಬಿಗಳಿಗೂ ಬಳಸಿಕೊಂಡರು.

ನಿಜವಾದ ಬೇಡಿಕೆ ಹುಟ್ಟಿದ್ದು ಹಳಿಗಳಲ್ಲಿ. ಒಂದು ಹಳಿ ಇನ್ನೊಂದನ್ನು ದಾಟುವಲ್ಲಿ ಚಕ್ರ ಒಂದು ಸಂದನ್ನು ಹಾರಿ ಬೀಳುತ್ತದೆ; ಪ್ರತಿ ಚಕ್ರಕ್ಕೂ ಒಂದು ಸುತ್ತಿಗೆ ಏಟು. ಜನಜಂಗುಳಿಯ ಟ್ರಾಮ್ ಮಾರ್ಗಗಳಲ್ಲಿ ಸಾಮಾನ್ಯ ಉಕ್ಕಿನ ಕ್ರಾಸಿಂಗ್ ತಿಂಗಳುಗಳಲ್ಲಿ ಹಾಳಾಗುತ್ತಿತ್ತು. ಮ್ಯಾಂಗನೀಸ್ ಉಕ್ಕಿನದು ಅದರ ಹಲವು ಪಟ್ಟು ಬಾಳಿತು. ಬ್ರಿಟನ್ನಿಗಿಂತ ಅಮೆರಿಕ ಇದನ್ನು ಉತ್ಸಾಹದಿಂದ ಬರಮಾಡಿಕೊಂಡಿತು. ನ್ಯೂಜೆರ್ಸಿಯ ಹೈ ಬ್ರಿಜ್‌ನಲ್ಲಿದ್ದ ಟೇಲರ್ ಕಂಪನಿ 1890ರ ದಶಕದಲ್ಲಿ ಹ್ಯಾಡ್‌ಫೀಲ್ಡ್‌ನಿಂದ ಪರವಾನಗಿ ಪಡೆದು ಅಲ್ಲೇ ತಯಾರಿಸತೊಡಗಿತು. ಪನಾಮಾ ಕಾಲುವೆ ತೋಡಿದ ಉಗಿಯಂತ್ರಗಳ ಬಕೆಟ್ಟಿನ ಹಲ್ಲುಗಳೂ ಇದೇ ಉಕ್ಕಿನವು.

ಭಾರತೀಯ ರೈಲ್ವೆಯ ಹಳಿ ಸಿಬ್ಬಂದಿ ಸಿಎಂಎಸ್ ಕ್ರಾಸಿಂಗ್ ಎಂದು ಕರೆಯುವುದು ಎರಕದ ಮ್ಯಾಂಗನೀಸ್ ಉಕ್ಕಿನ ಈ ಕ್ರಾಸಿಂಗನ್ನೇ. ಕರ್ನಾಟಕದ ಊರೂರಿನ ಹೊರವಲಯದಲ್ಲಿ ಧೂಳೆಬ್ಬಿಸುವ ಜಲ್ಲಿ ಕ್ರಷರ್‌ಗಳಲ್ಲಿ ಬಂಡೆಯನ್ನು ಜಗಿಯುವ ಜಾ ಪ್ಲೇಟುಗಳೂ ಮ್ಯಾಂಗನೀಸ್ ಉಕ್ಕಿನವು. ನೂರನಲವತ್ತು ವರ್ಷ ಕಳೆದರೂ ಈ ಕೆಲಸಕ್ಕೆ ಇದನ್ನು ಪೂರ್ತಿ ಬದಿಗೊತ್ತುವ ಲೋಹ ಬಂದಿಲ್ಲ, ಮತ್ತು ಮೂಲ ಮಿಶ್ರಣ ಹೆಚ್ಚೇನೂ ಬದಲಾಗಿಲ್ಲ. ಇದಕ್ಕೂ ಮಿತಿಗಳಿವೆ. ಬಡಿತವಿಲ್ಲದೆ ಮರಳಿನ ಉಜ್ಜಾಟ ಮಾತ್ರ ಇರುವ ಕಡೆ ಮೇಲ್ಮೈ ಗಟ್ಟಿಯಾಗುವುದಿಲ್ಲ, ಬೇಗ ಸವೆಯುತ್ತದೆ. ಹೊಸದಾಗಿ ಹಾಕಿದ ಕ್ರಾಸಿಂಗ್ ಮೊದಲ ದಿನಗಳಲ್ಲಿ ಚಕ್ರದ ಭಾರಕ್ಕೆ ತುಸು ಹರಡಿಕೊಳ್ಳುತ್ತದೆ. ಇದನ್ನು ತಪ್ಪಿಸಲು, ಹಳಿಗೆ ಕೂರಿಸುವ ಮೊದಲೇ ಅದರ ಮೇಲೆ ಸ್ಫೋಟಕದ ತೆಳುಹಾಳೆ ಅಂಟಿಸಿ ಸಿಡಿಸಿ ಗಟ್ಟಿಗೊಳಿಸುವ ವಿಧಾನವೂ ಬಂದಿದೆ.

ಸಿಲಿಕಾನ್ ಉಕ್ಕು

ಮ್ಯಾಂಗನೀಸಿನ ಪ್ರಯೋಗ ನಡೆದಿರುವಾಗಲೇ ಹ್ಯಾಡ್‌ಫೀಲ್ಡ್ ಸಿಲಿಕಾನನ್ನೂ ಕೈಗೆತ್ತಿಕೊಂಡಿದ್ದ. ಕಬ್ಬಿಣ ಮತ್ತು ಸಿಲಿಕಾನ್ ಮಿಶ್ರಣಗಳ ಬಗ್ಗೆ 1889ರಲ್ಲಿ ಪ್ರಬಂಧ ಪ್ರಕಟಿಸಿದ. ಉಪಕರಣ ಮಾಡಲು ಅವು ಒದಗಲಿಲ್ಲ. ಆದರೆ ತನ್ನ ಮಾದರಿಗಳನ್ನು ಬೇರೆ ವಿಜ್ಞಾನಿಗಳಿಗೆ ಧಾರಾಳವಾಗಿ ಕೊಡುವ ಪದ್ಧತಿ ಆತನದಾಗಿತ್ತು. ಡಬ್ಲಿನ್ನಿನ ಭೌತವಿಜ್ಞಾನಿ ವಿಲಿಯಂ ಬ್ಯಾರೆಟ್, ಸಹೋದ್ಯೋಗಿ ಬ್ರೌನ್ ಜೊತೆಗೂಡಿ ಈ ಮಾದರಿಗಳ ಕಾಂತಗುಣ, ವಿದ್ಯುತ್ ರೋಧಗಳನ್ನು ವರ್ಷಗಟ್ಟಲೆ ಅಳೆದ. ಮೂವರ ಹೆಸರಿನಲ್ಲಿ 1900ರಲ್ಲಿ ಹೊರಬಂದ ಫಲಿತಾಂಶ ಹೀಗಿತ್ತು: ಸುಮಾರು ಎರಡೂವರೆ ಪಾಲು ಸಿಲಿಕಾನ್ ಬೆರೆತ, ಸರಿಯಾಗಿ ಕಾಯಿಸಿ ತಣಿಸಿದ ಕಬ್ಬಿಣ ಅಂದು ಸಿಗುತ್ತಿದ್ದ ಅತಿ ಶುದ್ಧ ಕಬ್ಬಿಣಕ್ಕಿಂತಲೂ ಸುಲಭವಾಗಿ ಕಾಂತವಾಗುತ್ತದೆ, ಕಾಂತತ್ವ ಹಿಂದೆಮುಂದೆ ತಿರುಗುವಾಗ ನಷ್ಟವಾಗುವ ಶಕ್ತಿಯೂ ಕಡಿಮೆ. ಬೆರಕೆ ಹಾಕಿದರೆ ಕಬ್ಬಿಣದ ಕಾಂತಗುಣ ಕೆಡುತ್ತದೆಂಬುದು ಎಲ್ಲರ ಎಣಿಕೆಯಾಗಿದ್ದುದರಿಂದ ಇದು ಅನಿರೀಕ್ಷಿತ.

ಇದರ ಬೆಲೆ ತಿಳಿಯಲು ಪರಿವರ್ತಕದ ಒಳಗೆ ಇಣುಕಬೇಕು. ಅಲ್ಲಿನ ಉಕ್ಕಿನ ತಿರುಳಿನ ಕಾಂತತ್ವ, ನಮ್ಮ ದೇಶದ 50 ಹರ್ಟ್ಸ್ ವಿದ್ಯುತ್ತಿಗೆ, ಸೆಕೆಂಡಿಗೆ ನೂರು ಬಾರಿ ದಿಕ್ಕು ಬದಲಿಸುತ್ತದೆ. ಪ್ರತಿ ತಿರುವಿಗೂ ಒಂದಿಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ. ಜೊತೆಗೆ ತಿರುಳಿನೊಳಗೆ ಸುಳಿಪ್ರವಾಹಗಳು ಹುಟ್ಟಿ ಅವೂ ಶಾಖವಾಗುತ್ತವೆ. ಸಿಲಿಕಾನ್ ಸೇರಿದರೆ ಉಕ್ಕಿನ ವಿದ್ಯುತ್ ರೋಧ ಹಲವು ಪಟ್ಟು ಏರಿ ಸುಳಿಪ್ರವಾಹ ಕುಗ್ಗುತ್ತದೆ. ಹಳೆಯ ಕಬ್ಬಿಣದ ತಿರುಳಿಗೆ ಇನ್ನೊಂದು ರೋಗವಿತ್ತು: ತಿಂಗಳುಗಳು ಕಳೆದಂತೆ ನಷ್ಟ ತಾನಾಗಿ ಏರುತ್ತ ಹೋಗುತ್ತಿತ್ತು. ಸಿಲಿಕಾನ್ ಅದನ್ನೂ ತಡೆಯಿತು. ಪರಿವರ್ತಕ ಹಗಲೂ ರಾತ್ರಿ ಹೊರೆ ಇರಲಿ ಬಿಡಲಿ ಕೆಲಸದಲ್ಲೇ ಇರುವ ಯಂತ್ರವಾದ್ದರಿಂದ ಈ ಉಳಿತಾಯ ಕ್ಷಣಕ್ಷಣವೂ ಕೂಡಿಕೊಳ್ಳುತ್ತ ಹೋಗುತ್ತದೆ. ಹೀಗೆ ಉಳಿತಾಯವಾದದ್ದು ವಿದ್ಯುತ್ತಿಗಾಗಿ ಉರಿಸುವ ಕಲ್ಲಿದ್ದಲು.

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ವಿದ್ಯುತ್ ಹರಿದಾಗ ಸಿಲಿಕಾನ್ ಉಕ್ಕು ಇನ್ನೂ ಪೇಟೆಗೆ ಬಂದಿರಲಿಲ್ಲ. ಮುಂದಿನ ಕೆಲವೇ ವರ್ಷಗಳಲ್ಲಿ ಜರ್ಮನಿ, ಅಮೆರಿಕ, ಇಂಗ್ಲೆಂಡುಗಳಲ್ಲಿ ಅದರ ತಗಡುಗಳ ತಯಾರಿಕೆ ಆರಂಭವಾಗಿ, ಪರಿವರ್ತಕಗಳ ತೂಕವೂ ನಷ್ಟವೂ ಒಟ್ಟಿಗೇ ಇಳಿದವು. 1930ರ ದಶಕದಲ್ಲಿ ಅಮೆರಿಕದ ನಾರ್ಮನ್ ಗಾಸ್ ತಗಡಿನ ಹರಳುಗಳನ್ನು ಒಂದೇ ದಿಕ್ಕಿಗೆ ಸಾಲುಗೂಡಿಸುವ ವಿಧಾನ ಕಂಡುಹಿಡಿದು ನಷ್ಟವನ್ನು ಇನ್ನಷ್ಟು ತಗ್ಗಿಸಿದ. ಬೀದಿಯ ಕಂಬದ ಮೇಲಿನ ಪರಿವರ್ತಕದಿಂದ ಹಿಡಿದು ದೊಡ್ಡ ವಿದ್ಯುತ್ ಕೇಂದ್ರಗಳವರೆಗೆ ಇಂದಿಗೂ ತಿರುಳಿಗೆ ಬಹುಪಾಲು ಬಳಸುವುದು ಮೂರು ಪಾಲಿನ ಆಸುಪಾಸಿನ ಸಿಲಿಕಾನ್ ಉಕ್ಕನ್ನೇ. ಹ್ಯಾಡ್‌ಫೀಲ್ಡ್‌ನ ಎರಡು ಕೊಡುಗೆಗಳಲ್ಲಿ ಮನುಷ್ಯರ ಬದುಕನ್ನು ಹೆಚ್ಚು ಮುಟ್ಟಿದ್ದು ಇದೇ ಎಂಬುದರಲ್ಲಿ ಸಂದೇಹವಿಲ್ಲ.

ಯಜಮಾನನಾಗಿ

1888ರಲ್ಲಿ ತಂದೆ ತೀರಿಕೊಂಡಾಗ ಕಾರ್ಖಾನೆಯ ಹೊಣೆ 29ರ ಹರೆಯದ ಮಗನ ಮೇಲೆ ಬಿತ್ತು. ಅದೇ ವರ್ಷ ಅದು ನಿಯಮಿತ ಕಂಪನಿಯಾಯಿತು. ಹ್ಯಾಡ್‌ಫೀಲ್ಡ್ ಅದರ ಅಧ್ಯಕ್ಷ ಮತ್ತು ಆಡಳಿತ ನಿರ್ದೇಶಕ. ಹೆಕ್ಲಾ ಎಂಬ ಮೊದಲ ಕಾರ್ಖಾನೆ ಸಾಲದಾಗಿ 1890ರ ದಶಕದ ಕೊನೆಯಲ್ಲಿ ಟಿನ್ಸ್ಲಿಯಲ್ಲಿ ಈಸ್ಟ್ ಹೆಕ್ಲಾ ಎದ್ದಿತು. ಕೆಲಸಗಾರರ ದುಡಿಮೆಯ ಅವಧಿಯನ್ನು ದಿನಕ್ಕೆ ಎಂಟು ಗಂಟೆಗೆ ಇಳಿಸಬೇಕೆಂದು ವಾದಿಸಿದ ಕೆಲವೇ ಮಾಲೀಕರಲ್ಲಿ ಈತನೂ ಒಬ್ಬ. ಅರ್ಥಶಾಸ್ತ್ರದ ಲೇಖಕ ಗಿಬಿನ್ಸ್ ಜೊತೆ ಸೇರಿ 1892ರಲ್ಲಿ ಇದೇ ವಿಷಯದ ಪುಸ್ತಕವೊಂದನ್ನು ಬರೆದ. ವಾರಕ್ಕೆ 48 ಗಂಟೆಯ ದುಡಿಮೆಯನ್ನು ಶೆಫೀಲ್ಡಿನಲ್ಲಿ ಬೇಗನೆ ಜಾರಿಗೆ ತಂದ ಕಾರ್ಖಾನೆಗಳ ಸಾಲಿಗೆ ತನ್ನದನ್ನೂ ಸೇರಿಸಿದ. ಕುಲುಮೆಯ ಮುಂದೆ ಬೆಳಗಿನಿಂದ ಕತ್ತಲಾಗುವವರೆಗೆ ಬೇಯುತ್ತಿದ್ದವರಿಗೆ ಇದು ಸಣ್ಣ ಸಂಗತಿಯಲ್ಲ.

ಕಂಪನಿಯ ಆದಾಯದ ದೊಡ್ಡ ಪಾಲು ಯುದ್ಧಸಾಮಗ್ರಿಯದು ಎಂಬುದನ್ನೂ ಇಲ್ಲೇ ಹೇಳಬೇಕು. ಹಡಗಿನ ರಕ್ಷಾಕವಚವನ್ನು ತೂರಿಹೋಗುವ ಫಿರಂಗಿ ಗುಂಡುಗಳನ್ನು ಹ್ಯಾಡ್‌ಫೀಲ್ಡ್ ಕಾರ್ಖಾನೆ ನೌಕಾಪಡೆಗೆ ಒದಗಿಸುತ್ತಿತ್ತು. ಮೊದಲ ಮಹಾಯುದ್ಧದ ಕೊನೆಗೆ ಅಲ್ಲಿ ಸುಮಾರು 15,000 ಮಂದಿ ದುಡಿಯುತ್ತಿದ್ದರು. ಅದೇ ಯುದ್ಧದಲ್ಲಿ ಮ್ಯಾಂಗನೀಸ್ ಉಕ್ಕು ಜೀವ ಉಳಿಸುವ ಕೆಲಸಕ್ಕೂ ಬಂತು. 1915ರಲ್ಲಿ ಬ್ರಿಟಿಷ್ ಸೈನಿಕರಿಗೆ ಕೊಡತೊಡಗಿದ ಬ್ರೋಡಿ ಶಿರಸ್ತ್ರಾಣವನ್ನು ಮೊದಲು ಮೆದು ಉಕ್ಕಿನಲ್ಲಿ ಮಾಡುತ್ತಿದ್ದರು. ಹ್ಯಾಡ್‌ಫೀಲ್ಡ್‌ನ ಸಲಹೆಯಂತೆ ಅದನ್ನು 12 ಪಾಲಿನ ಮ್ಯಾಂಗನೀಸ್ ಉಕ್ಕಿಗೆ ಬದಲಿಸಿದರು. ಕಂದಕದ ಮೇಲೆ ಸಿಡಿದು ಬೀಳುವ ಚೂರುಗಳ ಏಟಿಗೆ ಈ ತಗಡು ತಗ್ಗುಬೀಳುತ್ತಿತ್ತೇ ಹೊರತು ಸುಲಭವಾಗಿ ಸೀಳುತ್ತಿರಲಿಲ್ಲ. ಬ್ರಿಟನ್ನಿನ ಸೈನಿಕರ ಜೊತೆಗೆ ಭಾರತೀಯ ಸೈನಿಕರೂ, ಮುಂದೆ ಅಮೆರಿಕದ ಸೈನಿಕರೂ ಈ ಮಾದರಿಯ ಶಿರಸ್ತ್ರಾಣ ಧರಿಸಿದರು.

1894ರಲ್ಲಿ ಹ್ಯಾಡ್‌ಫೀಲ್ಡ್ ಮದುವೆಯಾದದ್ದು ಅಮೆರಿಕದ ಫಿಲಡೆಲ್ಫಿಯದ ಫ್ರಾನ್ಸಿಸ್ ಬೆಲ್ಟ್ ವಿಕರ್‌ಶಮ್‌ಳನ್ನು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ವಿಮ್‌ರೋದಲ್ಲಿ ಗಾಯಾಳುಗಳಿಗೆ ಆಸ್ಪತ್ರೆ ತೆರೆದು ನಡೆಸಿದ ಈಕೆ, ಎರಡನೆಯ ಮಹಾಯುದ್ಧ ಆರಂಭವಾದಾಗ ಲೇಖಕಿ ಮೇರಿ ಬೋರ್ಡನ್ ನಡೆಸಿದ ಹ್ಯಾಡ್‌ಫೀಲ್ಡ್–ಸ್ಪಿಯರ್ಸ್ ಸಂಚಾರಿ ಆಸ್ಪತ್ರೆಗೂ ಗಂಡನ ಜೊತೆ ಹಣ ಒದಗಿಸಿದಳು. ದಂಪತಿಗೆ ಮಕ್ಕಳಿರಲಿಲ್ಲ.

ಪುರಸ್ಕಾರಗಳು ಸಾಲುಸಾಲಾಗಿ ಬಂದವು. 1899ರಲ್ಲಿ ಶೆಫೀಲ್ಡಿನ ಕಸುಬುದಾರರ ಪುರಾತನ ಸಂಘವಾದ ಕಟ್ಲರ್ಸ್ ಕಂಪನಿಯ ಮುಖ್ಯಸ್ಥನ ಸ್ಥಾನ, 1904ರಲ್ಲಿ ಬೆಸೆಮರ್ ಚಿನ್ನದ ಪದಕ, 1908ರಲ್ಲಿ ಸರ್ ಪದವಿ, 1909ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1917ರಲ್ಲಿ ಬ್ಯಾರನೆಟ್ ಪದವಿ, 1921ರಲ್ಲಿ ಅಮೆರಿಕದ ಜಾನ್ ಫ್ರಿಟ್ಜ್ ಪದಕ. ಎರಡು ನೂರಕ್ಕೂ ಹೆಚ್ಚು ಪ್ರಬಂಧಗಳನ್ನು ಪ್ರಕಟಿಸಿದ. ಅವುಗಳ ಹಿಂದೆ ಕಾರ್ಖಾನೆಯ ಪ್ರಯೋಗಾಲಯದ ಅನೇಕರ ದುಡಿಮೆಯಿತ್ತು. ಮುಖಪುಟದಲ್ಲಿ ಅವರ ಹೆಸರು ಬಂದದ್ದು ಕಡಿಮೆ. ತನ್ನ ಶೋಧದ ಆದ್ಯತೆಯ ವಿಷಯದಲ್ಲಿ ಹ್ಯಾಡ್‌ಫೀಲ್ಡ್ ಬಹಳ ಸೂಕ್ಷ್ಮ. ಅದನ್ನು ಸಾರಿ ಹೇಳಲು ಹಿಂಜರಿಯುತ್ತಿರಲಿಲ್ಲ. ಅದೇ ಹೊತ್ತಿಗೆ ಬೇರೆ ಪ್ರಯೋಗಾಲಯಗಳೊಂದಿಗೆ ಕೂಡಿ ಕೆಲಸ ಮಾಡುವ ಉತ್ಸಾಹವೂ ಕುಂದಲಿಲ್ಲ. ಜೇಮ್ಸ್ ಡ್ಯೂವರ್ ಜೊತೆ ಸೇರಿ ದ್ರವವಾಯುವಿನ ಚಳಿಯಲ್ಲಿ ಉಕ್ಕುಗಳ ನಡತೆಯನ್ನು ಪರೀಕ್ಷಿಸಿ 1904ರಲ್ಲಿ ಪ್ರಕಟಿಸಿದ. ಸಾಮಾನ್ಯ ಕಬ್ಬಿಣ ಆ ಚಳಿಯಲ್ಲಿ ಗಾಜಿನ ಹಾಗೆ ಒಡೆಯುತ್ತದೆ. ನಿಕ್ಕಲ್ ಮತ್ತು ಮ್ಯಾಂಗನೀಸ್ ಎರಡೂ ತಕ್ಕ ಪ್ರಮಾಣದಲ್ಲಿರುವ ಮಿಶ್ರಣ ಬಾಗುವ ಗುಣ ಉಳಿಸಿಕೊಳ್ಳುತ್ತದೆ. ಲೈಡನ್ನಿನ ಕಾಮರ್‌ಲಿಂಗ್ ಓನೆಸ್ ಜೊತೆ ಇನ್ನೂ ಕಡಿಮೆ ಉಷ್ಣತೆಯಲ್ಲಿ ಇದೇ ಬಗೆಯ ಮಿಶ್ರಣಗಳ ಕಾಂತಗುಣ ಪರೀಕ್ಷೆಯನ್ನು 1920ರ ದಶಕದಲ್ಲಿ ಮುಂದುವರಿಸಿದ.

ಹಳೆಯ ಉಕ್ಕು, ಹೊಸ ಕಣ್ಣು

ಹ್ಯಾಡ್‌ಫೀಲ್ಡ್ ತನ್ನ ಕಸುಬಿನ ಇತಿಹಾಸದಲ್ಲಿ ಆಳವಾಗಿ ತೊಡಗಿಕೊಂಡಿದ್ದ. ಭಾರತ, ಸಿಂಹಳಗಳ ನಂಟು ಬೆಳೆದದ್ದು ಈ ದಾರಿಯಲ್ಲಿ. ಕೊಲಂಬೊ ವಸ್ತುಸಂಗ್ರಹಾಲಯದಿಂದ ತರಿಸಿಕೊಂಡ ಉಳಿ, ಮೊಳೆ ಮೊದಲಾದ ಪ್ರಾಚೀನ ಕಬ್ಬಿಣದ ವಸ್ತುಗಳನ್ನು ಪರೀಕ್ಷಿಸಿ 1912ರಲ್ಲಿ ಪ್ರಬಂಧ ಬರೆದ. ಅದೇ ಸುಮಾರಿಗೆ ದೆಹಲಿಯ ಕಬ್ಬಿಣದ ಸ್ತಂಭದ ಚೂರೊಂದರ ವಿಶ್ಲೇಷಣೆಯೂ ನಡೆಯಿತು. ಸಿಕ್ಕ ಅಂಕಿಗಳು ಇವು: ನೂರಕ್ಕೆ ಕಬ್ಬಿಣ 99.72, ಇಂಗಾಲ 0.08, ಸಿಲಿಕಾನ್ 0.046, ಗಂಧಕ 0.006, ರಂಜಕ 0.114, ಮ್ಯಾಂಗನೀಸ್ ಇಲ್ಲವೇ ಇಲ್ಲ. ಜೀವಮಾನವಿಡೀ ಮ್ಯಾಂಗನೀಸಿನ ಬೆನ್ನು ಹತ್ತಿದವನ ಗಮನ ಈ ಗೈರುಹಾಜರಿಯ ಮೇಲೆ ಬಿದ್ದದ್ದು ಸಹಜ. ಸ್ತಂಭ ತುಕ್ಕು ಹಿಡಿಯದಿರುವ ಗುಟ್ಟು ಇದ್ದದ್ದು ಪಕ್ಕದ ಅಂಕಿಯಲ್ಲಿ. ಕಾನ್‌ಪುರದ ಐಐಟಿಯ ಆರ್. ಬಾಲಸುಬ್ರಮಣಿಯಂ ಅವರ ಅಧ್ಯಯನಗಳು, ಹೆಚ್ಚಿನ ರಂಜಕದಿಂದಾಗಿ ಸ್ತಂಭದ ಮೇಲೆ ಬಿಗಿಯಾದ ರಕ್ಷಣಾ ಪದರ ಬೆಳೆಯುತ್ತದೆಂದು ತೋರಿಸಿದವು. ಹಾಗೆ ನೋಡಿದರೆ 1912ರ ಆ ಪಟ್ಟಿಯಲ್ಲಿ ಉತ್ತರ ಆಗಲೇ ಬರೆದಿತ್ತು.

ಇದಕ್ಕಿಂತ ದೊಡ್ಡ ಕೆಲಸ ಮೈಕೆಲ್ ಫ್ಯಾರಡೆಯ ಉಕ್ಕುಗಳದು. ವಿದ್ಯುತ್ತಿನ ಶೋಧಗಳಿಗೆ ಮೊದಲು, 1819ರಿಂದ ಕೆಲವು ವರ್ಷ, ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜೇಮ್ಸ್ ಸ್ಟೊಡಾರ್ಟ್ ಎಂಬ ಶಸ್ತ್ರೋಪಕರಣ ತಯಾರಕನ ಜೊತೆ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂ, ನಿಕ್ಕಲ್, ಕ್ರೋಮಿಯಂಗಳನ್ನು ಬೆರೆಸಿ ನೋಡಿದ್ದ. ಆ ಕೆಲಸಕ್ಕೆ ಪ್ರೇರಣೆ ದಕ್ಷಿಣ ಭಾರತದ ಮೂಸೆಯುಕ್ಕು, ಯುರೋಪಿನವರು ವೂಟ್ಸ್ ಎನ್ನುತ್ತಿದ್ದದ್ದು. ಮೈಸೂರು ಸೀಮೆ ಅದರ ತವರುಗಳಲ್ಲೊಂದು. ಫ್ರಾನ್ಸಿಸ್ ಬುಕಾನನ್ 1800–01ರ ತನ್ನ ಪ್ರವಾಸದಲ್ಲಿ ಇಲ್ಲಿನ ಕುಶಲಿಗಳು ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡುವುದನ್ನು ವಿವರವಾಗಿ ಬರೆದಿದ್ದಾನೆ. ಫ್ಯಾರಡೆ ವೂಟ್ಸಿನ ರಾಸಾಯನಿಕ ವಿಶ್ಲೇಷಣೆ ಮಾಡಿ, ಅದರ ಗುಣಕ್ಕೆ ಅಲ್ಯುಮಿನಿಯಂ ಕಾರಣವಿರಬಹುದೆಂದು ಊಹಿಸಿ, ಬೇರೆ ಧಾತುಗಳನ್ನು ಬೆರೆಸಿ ನೋಡಲು ಹೊರಟಿದ್ದ. ಊಹೆ ತಪ್ಪಾಗಿತ್ತು, ಆದರೆ ಅದು ತೆರೆದ ದಾರಿ ಮಿಶ್ರಲೋಹ ಉಕ್ಕಿನದು. ಸ್ಟೊಡಾರ್ಟ್ ತೀರಿಕೊಂಡ ಮೇಲೆ ಕೆಲಸ ನಿಂತು, ಮಾದರಿಗಳು ಒಂದು ಪೆಟ್ಟಿಗೆಯಲ್ಲಿ ನೂರು ವರ್ಷ ಮಲಗಿದ್ದವು.

ಆ ಪೆಟ್ಟಿಗೆಯ 79 ತುಂಡುಗಳನ್ನು ಪರೀಕ್ಷಿಸುವ ಅವಕಾಶ ಹ್ಯಾಡ್‌ಫೀಲ್ಡ್‌ಗೆ ಸಿಕ್ಕಿತು. ಚಾರಿತ್ರಿಕ ವಸ್ತುಗಳಾದ್ದರಿಂದ ಪ್ರತಿಯೊಂದರಿಂದಲೂ ಅತ್ಯಲ್ಪ ಲೋಹವನ್ನಷ್ಟೇ ತೆಗೆಯಬಹುದಿತ್ತು. ಅಷ್ಟರಲ್ಲೇ ರಾಸಾಯನಿಕ ವಿಶ್ಲೇಷಣೆ, ಗಡಸುತನ, ಒಳರಚನೆ ಎಲ್ಲವನ್ನೂ ತಿಳಿಯಬೇಕು. ಫಲಿತಾಂಶವನ್ನು 1931ರಲ್ಲಿ ದೊಡ್ಡ ಪುಸ್ತಕವಾಗಿ ಪ್ರಕಟಿಸಿ, ಮಿಶ್ರಲೋಹ ಉಕ್ಕಿನ ಆದಿಶೋಧಕ ಫ್ಯಾರಡೆಯೇ ಎಂದು ಹ್ಯಾಡ್‌ಫೀಲ್ಡ್ ಘೋಷಿಸಿದ. ತನ್ನ ಆದ್ಯತೆಗಾಗಿ ಅಷ್ಟು ಹಟ ಹಿಡಿಯುತ್ತಿದ್ದವನು ಈ ಹಿರಿಮೆಯನ್ನು ಮನಸಾರೆ ಇನ್ನೊಬ್ಬನಿಗೆ ಬಿಟ್ಟುಕೊಟ್ಟದ್ದು ಆತನ ಬದುಕಿನ ಅತ್ಯಂತ ಗೌರವಾರ್ಹ ಘಟನೆಗಳಲ್ಲೊಂದು. ಪುಸ್ತಕ ಬಂದದ್ದು ಫ್ಯಾರಡೆ ವಿದ್ಯುತ್ ಪ್ರೇರಣೆಯನ್ನು ಕಂಡುಹಿಡಿದ ನೂರನೆಯ ವರ್ಷದಲ್ಲಿ. ಪರಿವರ್ತಕ ಕೆಲಸ ಮಾಡುವುದು ಅದೇ ಪ್ರೇರಣೆಯ ತತ್ತ್ವದಿಂದ. ಫ್ಯಾರಡೆ ಬೇರೆ ಬೇರೆಯಾಗಿ ನಡೆಸಿದ್ದ ಎರಡು ಕೆಲಸಗಳು, ಮಿಶ್ರಲೋಹದ್ದೂ ವಿದ್ಯುತ್ತಿನದೂ, ಸಿಲಿಕಾನ್ ಉಕ್ಕಿನ ತಗಡಿನಲ್ಲಿ ಒಂದಾಗಿದ್ದವು.

ಕೊನೆಯ ವರ್ಷಗಳು ಮತ್ತು ಆಮೇಲೆ

ಮಹಾಯುದ್ಧ ಮುಗಿದು ಶಸ್ತ್ರಾಸ್ತ್ರದ ಬೇಡಿಕೆ ಕುಸಿದಾಗ ಕಂಪನಿ ತೊಂದರೆಗೆ ಸಿಲುಕಿತು. 1926ರಲ್ಲಿ ಬೀನ್ ಎಂಬ ಕಾರು ತಯಾರಿಕೆಯ ಸಂಸ್ಥೆಯನ್ನು ವಹಿಸಿಕೊಂಡದ್ದು ಕೈಗೂಡಲಿಲ್ಲ. ಕೆಲವೇ ವರ್ಷಗಳಲ್ಲಿ ಕಾರು ತಯಾರಿಕೆ ನಿಂತಿತು. ತುಕ್ಕುರಹಿತ ಉಕ್ಕಿನ ಕೀರ್ತಿಯೂ ಊರಿನ ಬೇರೆ ಪ್ರಯೋಗಾಲಯಕ್ಕೆ, 1913ರಲ್ಲಿ ಅದನ್ನು ತಯಾರಿಸಿದ ಹ್ಯಾರಿ ಬ್ರಿಯರ್ಲಿಗೆ ಹೋಗಿತ್ತು. ಹ್ಯಾಡ್‌ಫೀಲ್ಡ್ ಕಬ್ಬಿಣ–ಕ್ರೋಮಿಯಂ ಮಿಶ್ರಣಗಳನ್ನು 1890ರ ದಶಕದಲ್ಲೇ ಪರೀಕ್ಷಿಸಿದ್ದ. ಆದರೆ ತುಕ್ಕನ್ನು ಪರೀಕ್ಷಿಸಲು ಬಳಸಿದ್ದು ಗಂಧಕಾಮ್ಲ. ಅದರಲ್ಲಿ ಈ ಉಕ್ಕು ಕರಗುತ್ತದಾದ್ದರಿಂದ ಕ್ರೋಮಿಯಂ ತುಕ್ಕನ್ನು ತಡೆಯುವುದಿಲ್ಲವೆಂದು ತೀರ್ಮಾನಿಸಿಬಿಟ್ಟ. ಪರೀಕ್ಷೆಯ ಆಯ್ಕೆಯೊಂದು ಎಷ್ಟು ದೊಡ್ಡ ಶೋಧವನ್ನು ಮರೆಮಾಡಬಲ್ಲದೆಂಬುದಕ್ಕೆ ಲೋಹವಿಜ್ಞಾನದ ಇತಿಹಾಸಕಾರರು ಇದನ್ನು ಆಗಾಗ ಉದಾಹರಿಸುತ್ತಾರೆ. ಹ್ಯಾಡ್‌ಫೀಲ್ಡ್ 1940ರ ಸೆಪ್ಟೆಂಬರ್ 30ರಂದು ಇಂಗ್ಲೆಂಡಿನ ಸರ್‍ರೆಯಲ್ಲಿ ತೀರಿಕೊಂಡ. ವಾರಸುದಾರರಿಲ್ಲದೆ ಬ್ಯಾರನೆಟ್ ಪದವಿ ಅಲ್ಲಿಗೆ ಕೊನೆಗೊಂಡಿತು.

ಈಸ್ಟ್ ಹೆಕ್ಲಾ ಕಾರ್ಖಾನೆ 1980ರ ದಶಕದಲ್ಲಿ ಬ್ರಿಟನ್ನಿನ ಉಕ್ಕಿನ ಉದ್ಯಮ ಕುಸಿದಾಗ ಮುಚ್ಚಿತು. ಆ ಜಾಗದಲ್ಲಿ 1990ರಲ್ಲಿ ಮೆಡೋಹಾಲ್ ಎಂಬ ವಿಶಾಲ ಮಾರಾಟ ಮಳಿಗೆಗಳ ಸಂಕೀರ್ಣ ತೆರೆಯಿತು. ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ವಸ್ತುವಿಜ್ಞಾನದ ಪಾಠ ನಡೆಯುವ ಕಟ್ಟಡಕ್ಕೆ ಸರ್ ರಾಬರ್ಟ್ ಹ್ಯಾಡ್‌ಫೀಲ್ಡ್ ಹೆಸರಿದೆ. ಎಂಜಿನಿಯರುಗಳು ಮ್ಯಾಂಗನೀಸ್ ಉಕ್ಕನ್ನು ಇಂದಿಗೂ ಹ್ಯಾಡ್‌ಫೀಲ್ಡ್ ಉಕ್ಕು ಎಂದೇ ಕರೆಯುತ್ತಾರೆ.

ಹೆಚ್ಚು ಮ್ಯಾಂಗನೀಸಿನ ಉಕ್ಕಿನ ಸಂಶೋಧನೆ ಕಳೆದ ಮೂವತ್ತು ವರ್ಷಗಳಲ್ಲಿ ಮತ್ತೆ ಚುರುಕಾಗಿದೆ. ಇಂಗಾಲ ಕಡಿಮೆ ಮಾಡಿ ಮ್ಯಾಂಗನೀಸನ್ನು 15ರಿಂದ 30 ಪಾಲಿನವರೆಗೆ ಏರಿಸಿದ ಹೊಸ ಉಕ್ಕುಗಳು ತುಂಡಾಗದೆ ಬಹಳ ಉದ್ದಕ್ಕೆ ಹಿಗ್ಗುತ್ತವೆ, ಹಿಗ್ಗುತ್ತಲೇ ಗಟ್ಟಿಯಾಗುತ್ತವೆ. ಡಿಕ್ಕಿಯಾದಾಗ ಏಟಿನ ಶಕ್ತಿಯನ್ನು ಹೀರಿಕೊಳ್ಳಬೇಕಾದ ಕಾರಿನ ಭಾಗಗಳಿಗೆ ಇವನ್ನು ಬಳಸುವ ಪ್ರಯತ್ನ ನಡೆದಿದೆ. ದಕ್ಷಿಣ ಕೊರಿಯದ ಪೋಸ್ಕೋ ಕಂಪನಿ ಸುಮಾರು 24 ಪಾಲು ಮ್ಯಾಂಗನೀಸಿನ ಉಕ್ಕನ್ನು ದ್ರವರೂಪದ ನೈಸರ್ಗಿಕ ಅನಿಲದ ತೊಟ್ಟಿಗಳಿಗಾಗಿ ರೂಪಿಸಿದೆ. ಆ ಅನಿಲವನ್ನು ಇಡಬೇಕಾದ ಉಷ್ಣತೆ ಸೊನ್ನೆಗಿಂತ ಸುಮಾರು 163 ಡಿಗ್ರಿ ಸೆಲ್ಸಿಯಸ್ ಕೆಳಗೆ. ಹ್ಯಾಡ್‌ಫೀಲ್ಡ್ ಮತ್ತು ಡ್ಯೂವರ್ ದ್ರವವಾಯುವಿನಲ್ಲಿ ಅದ್ದಿ ಪರೀಕ್ಷಿಸಿದ ಉಷ್ಣತೆಗೆ ಇದು ಹತ್ತಿರದ್ದೇ.